ತಿರುಗುಮುರುಗಾದ ವೈರು

ಊರ್ಡಿಗೆರೆ ಹತ್ತಿರ ಭೂಕಂಪ ಅಳೆಯುವ ಯಂತ್ರ ನೋಡಿಕೊಳ್ಳುತ್ತಿದ್ದ ಅವರು ದಿನಗೂಲಿಯವರು. ಯಂತ್ರ ಗೆರೆ ಎಳೆದ ಕಾಗದ ಮುಟ್ಟುವ ಮೊದಲು ಎರಡೂ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಿದ್ದರು. ಗೆರೆ ಎಷ್ಟೇ ಕುಣಿದಿರಲಿ, "ಮೊದ್ಲು ಎತ್ತ ಹೋಯ್ತು, ಅದ್ ನೋಡಿ ಮೇಡಂ" ಎನ್ನುವರು. ಮೊದಲ ಅಲುಗಾಟ ಎಲ್ಲೆಲ್ಲಿ ಮೇಲಕ್ಕೆ, ಎಲ್ಲೆಲ್ಲಿ ಕೆಳಕ್ಕೆ ಎಂದು ಕೂಡಿಸಿ ನೋಡಿದರೆ ತಾನೇ ಆಳದಲ್ಲಿ ಬಂಡೆ ಯಾವ ಕಡೆ ಜಾರಿತೆಂದು ತಿಳಿಯುವುದು!

ತೊಂಬತ್ತರ ದಶಕದಲ್ಲಿ ಒಮ್ಮೆ ಸಾಧಾರಣ ಭೂಕಂಪವಾದಾಗ, ಆಗಷ್ಟೇ ಸಂಶೋಧನೆಗೆ ಸೇರಿದ್ದ ನಾನು ಎಂಟು ಕೇಂದ್ರಗಳ ಕಾಗದ ಹರಡಿಕೊಂಡು ಕೂತೆ. ಏಳು ಒಂದಕ್ಕೊಂದು ಹೊಂದಿದವು, ಅವರದು ಹೊಂದಲಿಲ್ಲ. ಅವರಿಗೆ ಫೋನಿನಲ್ಲಿ ಹೇಳಿದೆ. ಆ ಕಾಗದ ಲೆಕ್ಕಕ್ಕೆ ಬೇಡವೆಂದು ಅದರ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಅಡ್ಡಗೀಟು ಎಳೆದೆ.

ಮರುದಿನ ಬಸ್ಸು ಹಿಡಿದು ಸದಾಶಿವನಗರದ ನನ್ನ ರೂಮಿಗೇ ಬಂದರು. "ಇಲಿ ಕಡಿದಿದ್ ವೈರ್‌ನ ಹೋದ್ ತಿಂಗ್ಳು ನಾನೇ ಕಟ್ಟಿದ್ದೆ. ಎರಡ್ ತುದೀನೂ ಅದಲುಬದಲಾಗವೆ ಮೇಡಂ. ಮೇಲಕ್ಕಿರೋದ್ನ ಕೆಳಕ್ಕೆ ಅಂತ ಓದ್ಕಳಿ. ನನ್ ತಪ್ಪು ಅಂತ ರಿಜಿಸ್ಟರಲ್ಲೂ ಬರ್ದಿದೀನಿ."

"ಕೆಲ್ಸ ಹೋದ್ರೆ?" ಎಂದೆ.

"ಹೋಗ್ಲಿ ಬುಡಿ. ಭೂಮಿ ಸರಿಯಾಗೇ ಹೇಳಿತ್ತಲ್ಲ."

ತಿರುಗಿಸಿ ಓದಿದೆ. ಎಂಟೂ ಹೊಂದಿದವು. ನನ್ನ ಮೊದಲ ವರದಿಗೆ ಬಲ ಬಂದದ್ದೇ ಆ ಕಾಗದದಿಂದ.

ಅವರು ಹೋದ ಮೇಲೆ ಎರಡೂ ಕೈ ಒರೆಸಿಕೊಂಡು ಕೆಂಪು ಗೀಟನ್ನು ರಬ್ಬರಿನಿಂದ ಉಜ್ಜಿದೆ. ಗೀಟಿನ ವಿಷಯ ಅವರಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.