ಕಾಲ್‌ಸೈನ್ ಒಂದೇ ನನ್ನದಾಗಿತ್ತು

ಇಚಲಕರಂಜಿಯಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಅದರಲ್ಲಿ ಉಂಗುರದಿಂದ ನನ್ನ ಹೊಸ ಹೆಸರು ಬರೆದರು. ಗಟ್ಟಿಯಾಗಿ ಓದಿಯೂ ಹೇಳಿದರು: ಸಾಯಲಿ. ತುಮಕೂರಿನಿಂದ ಬಂದಿದ್ದ ಅಮ್ಮನ ಮುಖ ಕಪ್ಪಿಟ್ಟಿತು. ಅತ್ತೆ ನಕ್ಕರು. "ಮರಾಠಿ ಒಳಗ ಅದು ಹೂವಿನ ಹೆಸರ್ರಿ, ಮಲ್ಲಿಗಿ ಜಾತೀದು."

ನಮ್ಮ ತುಮಕೂರಿನ ಮನೆಗಳಲ್ಲಿ ಮದುವೆಯಾದರೆ ಮನೆ ಬದಲಾಗುತ್ತದೆ, ಹೆಸರು ಉಳಿಯುತ್ತದೆ. ಇಲ್ಲಿ ನೀಲಾಂಬಿಕೆ ಒಂದೇ ಬೆಳಿಗ್ಗೆಯಲ್ಲಿ ಇಲ್ಲವಾದಳು. ಆಧಾರ್, ರೇಷನ್ ಕಾರ್ಡು, ಎಲ್ಲದರಲ್ಲೂ ಸಾಯಲಿ. ಮನೆಯವರ ಕನ್ನಡವೂ ಅರ್ಧ ಮರಾಠಿ. 'ಪಾವಣೇರು' ಎಂದರೆ ನೆಂಟರು ಎಂದು ನನಗೆ ತಿಳಿಯುವಷ್ಟರಲ್ಲಿ ಅವರು ಚಹಾ ಕುಡಿದು ಹೋಗಿಯೂ ಆಗಿತ್ತು.

ಬದಲಾಗದೆ ಉಳಿದದ್ದು ಕಾಲೇಜಿನಲ್ಲಿದ್ದಾಗ ಪರೀಕ್ಷೆ ಬರೆದು ಪಡೆದ ಹವ್ಯಾಸಿ ರೇಡಿಯೊದ ಕಾಲ್‌ಸೈನ್ ಒಂದೇ. ಗಡಹಿಂಗ್ಲಜದ ಮೇಷ್ಟರೊಬ್ಬರು, ಉದಗಾಂವದ ರೈತ ಕಾಕಾ ರೇಡಿಯೊದಲ್ಲಿ ಹೆಸರಿನ ಬದಲು ಆ ಅಕ್ಷರ, ಅಂಕಿಗಳಿಂದಲೇ ನನ್ನನ್ನು ಕರೆಯುತ್ತಿದ್ದರು. ಒಬ್ಬರಿಗೊಬ್ಬರ ಮುಖ, ಮನೆ, ಫೋನ್ ನಂಬರು ಏನೂ ಗೊತ್ತಿಲ್ಲ. ಹೊಳೆ ಉಕ್ಕಿ ಉದಗಾಂವಕ್ಕೆ ನೀರು ನುಗ್ಗಿದ ವರ್ಷ ಮೊಬೈಲುಗಳೆಲ್ಲ ಸತ್ತಿದ್ದವು. ಕಾಕಾ ಮಾಳಿಗೆಯ ಮೇಲೆ ರೇಡಿಯೊ ಸೆಟ್ಟಿಗೆ ಬ್ಯಾಟರಿ ಜೋಡಿಸಿ ಹೇಳಿದ್ದನ್ನು ನಾನು ಕೊಲ್ಹಾಪುರದ ಅಧಿಕಾರಿಗಳಿಗೆ ದಾಟಿಸಿದೆ. ದೋಣಿ ಬಂತು. "ಜೀವಾ ಉಳಿಸಿದಿ ತಂಗಿ," ಎಂದರು. ಈ ಸೀಮೆಗೆ ಬಂದ ಮೇಲೆ ನಾನೂ ಒಬ್ಬಳಿದ್ದೇನೆ ಅನ್ನಿಸಿದ್ದು ಅವತ್ತೇ.

ರೇಡಿಯೊ ಪರವಾನಗಿ ನವೀಕರಿಸಲು ಹಾಕಿದ ಅರ್ಜಿ ವಾಪಸು ಬಂತು. ಪರವಾನಗಿ ನೀಲಾಂಬಿಕೆಯದು, ಆಧಾರ್ ಸಾಯಲಿಯದು. ಇಬ್ಬರೂ ಒಬ್ಬಳೇ ಎನ್ನಲು ಮದುವೆಯ ನೋಂದಣಿ ಪತ್ರ ಬೇಕಿತ್ತು. ನಾವು ಅದನ್ನು ಮಾಡಿಸಿರಲೇ ಇಲ್ಲ. ಗಂಡನ ಬೆನ್ನು ಬಿದ್ದೆ. ನಾಳೆ ನಾಡಿದ್ದು ಎನ್ನುತ್ತ ಬಂದವರು ಕೊನೆಗೆ, "ಎಲ್ಲಾರ ಕೈಯಾಗ ಮೊಬೈಲ್ ಐತಿ, ಇನ್ನ ಅದ್ಯಾಕ ಬೇಕು," ಎಂದರು. ಗಡುವು ಮುಗಿಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ತವರಿಗೆ ಹೋದರೆ ಈಗಲೂ ನೀಲಾ ಎನ್ನುತ್ತಾರೆ. ವಾಪಸ್ ಯಾವಾಗ ಹೋಗ್ತೀಯ ಎಂದು ಬಂದ ದಿನವೇ ಕೇಳುತ್ತಾರೆ.

ಪರವಾನಗಿ ಮುಗಿದವರು ಮಾತಾಡುವಂತಿಲ್ಲ. ಕೇಳಲೆಂದು ಮಾತ್ರ ಸೆಟ್ಟು ಹಚ್ಚುತ್ತೇನೆ. ಮೊನ್ನೆ ಮಧ್ಯಾಹ್ನ ಕಾಕಾ ನನ್ನ ಕಾಲ್‌ಸೈನ್ ಹಿಡಿದು ಮೂರು ಸಲ ಕರೆದರು. ಸ್ವಲ್ಪ ಕಾದು ಮೇಷ್ಟರಿಗೆ ಹೇಳಿದರು: "ಎರಡ ವರ್ಷ ಆತು ದನಿ ಇಲ್ಲ. ಆಕಿ ಸೈಲೆಂಟ್ ಕೀ ಆಗ್ಯಾಳ ಅಂತ ಕಾಣಸ್ತದ್ರಿ."

ತೀರಿಕೊಂಡವರನ್ನು ನಾವು ರೇಡಿಯೊದವರು ಹಾಗೆನ್ನುತ್ತೇವೆ. ಒಂದು ನಿಮಿಷ ಮೌನ ಆಚರಿಸೋಣ ಎಂದರು ಮೇಷ್ಟರು. ಮೈಕು ನನ್ನ ಕೈಯಲ್ಲೇ ಇತ್ತು. ಅವರ ಜೊತೆ ನಾನೂ ಸುಮ್ಮನೆ ಕೂತೆ.