ಶಿವರತ್ನಮ್ಮ ಅಳೆಯದ ಮಗು

ಬಂಡಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿನ ಅಂಗನವಾಡಿಯಲ್ಲಿ ಶಿವರತ್ನಮ್ಮ ಇಪ್ಪತ್ತಾರು ವರ್ಷಗಳಿಂದ ಟೀಚರ್. ತಿಂಗಳ ಮೊದಲ ವಾರ ಮಕ್ಕಳ ತೂಕ, ಎತ್ತರ ಅಳೆದು ಬರೆಯುವುದು ಅವರ ಕೆಲಸಗಳಲ್ಲಿ ಒಂದು. ಅವರಷ್ಟು ಶಿಸ್ತಿನಿಂದ ಅಳೆಯುವವರನ್ನು ನಾನು ಕಾಲೇಜಿನ ಪ್ರಯೋಗಾಲಯದಲ್ಲೂ ಹೆಚ್ಚು ಕಂಡಿಲ್ಲ. ಚಪ್ಪಲಿ ಬಿಡಿಸಬೇಕು, ಜುಟ್ಟು ಬಿಚ್ಚಬೇಕು. ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಹಲಗೆಗೆ ತಾಗಬೇಕು. ಅಂಕಿಯನ್ನು ಎರಡು ಸಲ ಓದಬೇಕು.

ಮಗುವನ್ನು ಅಳೆದರೆ ದೃಷ್ಟಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ ಎಂಬ ಅಂಜಿಕೆ ನಮ್ಮೂರಿನಲ್ಲಿ ಇನ್ನೂ ಇದೆ. ಪಕ್ಕದ ಬೀದಿಯ ಮಹಾಲಕ್ಷ್ಮಮ್ಮ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಬರುತ್ತಿದ್ದರು.

"ಬ್ಯಾಡ ಕಣ್ರಿ ಟೀಚರೇ. ಓದ್ ತಿಂಗ್ಳು ಅಳದ್ರಿ, ಮೂರು ದಿನ ಉಣ್ನಿಲ್ಲ ಇವ್ನು."

"ಅಳದದ್ಕಲ್ಲ, ನೀನು ಅಂಗಡಿ ಪ್ಯಾಕೀಟು ತಿನ್ಸಿದ್ದಕ್ಕೆ ಉಣ್ನಿಲ್ಲ. ನಿಲ್ಸಿಲ್ಲಿ."

ಹೀಗೆ ಊರಿನ ಮಕ್ಕಳನ್ನೆಲ್ಲ ಹಲಗೆಗೆ ನಿಲ್ಲಿಸಿದ ಶಿವರತ್ನಮ್ಮ ಒಬ್ಬಳನ್ನು ಮಾತ್ರ ನಿಲ್ಲಿಸಲಿಲ್ಲ. ಅವಳು ಮಗ ಪ್ರಭುಸ್ವಾಮಿಯ ಮಗಳು ಮಾಲಿನಿ. ಸೊಸೆ ದೀಪಶ್ರೀಗೆ ಎರಡು ಬಸಿರು ಹೋದ ಮೇಲೆ ಹುಟ್ಟಿದವಳು. ಮೂರು ತುಂಬಿ ಅಂಗನವಾಡಿಗೆ ಬಂದ ಮೊದಲ ತಿಂಗಳು, ಅವಳ ಸರದಿ ಬಂದಾಗ ಟೀಚರಿಗೆ ಕೈ ಬರಲಿಲ್ಲ. ಅದೇ ತಿಂಗಳಲ್ಲಿ ಹುಟ್ಟಿದ ಎದುರು ಮನೆಯ ಹುಡುಗಿಯ ಅಂಕಿಯಿಂದ ಒಂದು ಸೆಂಟಿಮೀಟರ್ ಕಳೆದು ಬರೆದುಕೊಂಡರು. ಬರುವ ತಿಂಗಳು ಸರಿಯಾಗಿ ಅಳೆದರಾಯಿತು ಅಂದುಕೊಂಡರು. ಹಾಗೆಯೇ ಮೂವತ್ತೆರಡು ತಿಂಗಳು ಕಳೆದವು. ಇಲಾಖೆಯ ಆ್ಯಪ್‌ನಲ್ಲಿ ಮಾಲಿನಿಯ ಹೆಸರಿನ ಮುಂದೆ ಎಂದೂ ಬೆಳವಣಿಗೆ ಸರಿಯಿದೆ ಎನ್ನುವ ಹಸಿರು ಬಣ್ಣವೇ.

ಮಗು ಗಿಡ್ಡಗಿದ್ದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ, ದೀಪಶ್ರೀಯೂ ಗಿಡ್ಡವೇ. ಕೂರಿಸಿದ ಕಡೆ ಕೂರುತ್ತಾಳೆ, ಹಟ ಮಾಡುವುದಿಲ್ಲ, ಬೇಗ ನಿದ್ದೆ ಹೋಗುತ್ತಾಳೆ ಎಂದು ಎಲ್ಲರೂ ಹೊಗಳುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ, ಮಾಲಿನಿ ಒಂದನೇ ಕ್ಲಾಸಿಗೆ ಸೇರುವ ಮುಂಚೆ, ಪ್ರಭುಸ್ವಾಮಿ ಎಲ್ಲರನ್ನೂ ಮೈಸೂರಿನ ಹತ್ತಿರದ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋದ. ಅವನು ಕೊಳ್ಳೇಗಾಲದಲ್ಲಿ ಟೆಂಪೊ ಓಡಿಸುತ್ತಾನೆ. ಅಂದು ಅದರಲ್ಲೇ ಹೊರಟರು. ಗೇಟಿನ ಬಳಿ ಗೋಡೆಗೆ ಜಿರಾಫೆಯ ಚಿತ್ರ, ಅದರ ಕತ್ತಿನ ಮೇಲೆ ಕೆಂಪು ಗೆರೆ. ನೂರು ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ.

ಟಿಕೆಟ್ ಹುಡುಗ ಮಾಲಿನಿಯನ್ನು ಗೆರೆಯ ಕೆಳಗೆ ನಿಲ್ಲಿಸಿ, "ಪಾಪುಗೆ ಫ್ರೀ, ಒಳಗೆ ಹೋಗಿ" ಅಂದ.

"ಫ್ರೀ ಯಾಕೆ? ಐದೂವರೆ ವರ್ಸ ದಾಟದೆ ಅವ್ಳಿಗೆ," ಅಂದರು ಶಿವರತ್ನಮ್ಮ.

"ವಯಸ್ಸು ಲೆಕ್ಕ ಇಲ್ಲಮ್ಮ, ಹೈಟು ಅಷ್ಟೆ."

"ಹೈಟೂ ಅದೆ. ನೂರಾ ಆರು. ನನ್ ಪುಸ್ತಕದಲ್ಲೇ ಅದೆ. ನಿಮ್ ಗೆರೆ ತಪ್ಪಾಗದೆ, ಟಿಕೆಟ್ ಕೊಡಪ್ಪ."

ಸಾಲಿನ ಹಿಂದಿದ್ದವನೊಬ್ಬ ನಕ್ಕ. "ದುಡ್ಡು ತಕೊಳಿ ಅಂತ ಜಗಳ ಆಡೋರ್ನ ಇವತ್ತೇ ನೋಡಿದ್ದು. ಅಜ್ಜಿ, ನಮ್ಮ ಹುಡುಗಂದೂ ನೀವೇ ಕೊಟ್ಬಿಡಿ."

"ಬಾರವ್ವ ಸುಮ್ನೆ, ಎಲ್ರೂ ನೋಡ್ತಾವ್ರೆ," ಎಂದು ಪ್ರಭುಸ್ವಾಮಿ ತಾಯಿಯ ತೋಳು ಹಿಡಿದ. ದೀಪಶ್ರೀಯೂ ನಗುತ್ತಿದ್ದಳು. "ಗೆರೆ ಬರದೋನು ಕುಡ್ದಿದ್ದ ಅಂತ ಕಾಣ್ತದೆ ಅತ್ತೆ."

ಒಳಗೆ ಪುಟಾಣಿ ರೈಲಿತ್ತು, ಮೊಣಕಾಲುದ್ದದ ನೀರಿನ ಕೊಳವಿತ್ತು. ಮಾಲಿನಿ ರೈಲಿನಲ್ಲಿ ಒಂದು ಸುತ್ತು ಬಂದಳು, ನೀರಿನಲ್ಲಿ ಕಾಲಿಟ್ಟು ಚಳಿ ಎಂದಳು, ಹನ್ನೆರಡು ಗಂಟೆಯ ಬಿಸಿಲಿನಲ್ಲಿ. ಮಗ, ಸೊಸೆ ಊಟ ತರಲು ಹೋದಾಗ ಶಿವರತ್ನಮ್ಮ ಅವಳನ್ನು ನೆರಳಿನಲ್ಲಿದ್ದ ಗೋಡೆಗೆ ಆನಿಸಿ ನಿಲ್ಲಿಸಿದರು. ಜುಟ್ಟು ಬಿಚ್ಚಿದರು. ಅವರ ಗೇಣು ಹತ್ತೊಂಬತ್ತು ಸೆಂಟಿಮೀಟರ್. ಹಲಗೆ ಇಲ್ಲದ ಮನೆಗಳಲ್ಲಿ ಎಷ್ಟೋ ಸಲ ಉಪಯೋಗಕ್ಕೆ ಬಂದಿತ್ತು. ನೆಲದಿಂದ ನೆತ್ತಿಗೆ ಸರಿಯಾಗಿ ಐದು ಗೇಣು. ಎರಡನೆಯ ಸಲವೂ ಐದೇ.

"ಏನಜ್ಜಿ ಇದು?" ಎಂದಳು ಮಾಲಿನಿ.

"ಏನಿಲ್ಲ ಕಂದ."

ತೊಂಬತ್ತೈದು. ಆ ವಯಸ್ಸಿಗೆ ಆ ಅಂಕಿ ಬೇರೆ ಮಗುವಿನದಾಗಿದ್ದರೆ ಅದೇ ದಿನ ಕೆಂಪು ಶಾಯಿಯಲ್ಲಿ ಬರೆದು, ತಾಯಿಯನ್ನು ಕರೆಸಿ, ಆಸ್ಪತ್ರೆಗೆ ಚೀಟಿ ಕೊಡುತ್ತಿದ್ದರು. ಊಟ ತಂದಾಗ ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ಮುಂದಿನ ಸೋಮವಾರವೇ ಕೊಳ್ಳೇಗಾಲದ ಮಕ್ಕಳ ಡಾಕ್ಟರ ಬಳಿ ಹೋಗಲೇಬೇಕೆಂದು ಹಟ ಹಿಡಿದರು. ಯಾಕೆಂದು ಹೇಳಲಿಲ್ಲ, ಸುಸ್ತು ಜಾಸ್ತಿ, ತೋರಿಸೋಣ ಎಂದರಷ್ಟೆ. ಪ್ರಭುಸ್ವಾಮಿಗೆ ಬಾಡಿಗೆ ಇತ್ತು. ಅತ್ತೆ, ಸೊಸೆ, ಮಗು ಬಸ್ಸಿನಲ್ಲಿ ಹೋದರು.

ಡಾಕ್ಟರಮ್ಮ ಮಾಲಿನಿಯನ್ನು ಅಳೆದರು. ಅಂಗನವಾಡಿಯ ಕಾರ್ಡು ತೆರೆದರು. ಇನ್ನೊಮ್ಮೆ ಅಳೆದರು.

"ಕಾರ್ಡಲ್ಲಿ ಹೋದ ತಿಂಗಳು ನೂರಾ ಆರು. ಈಗ ತೊಂಬತ್ತೈದು. ಮಗು ಕುಗ್ಗೋದಿಲ್ಲ. ಮೊದಲಿಂದ ನಿಧಾನವಾಗಿ ಬೆಳೆದಳಾ, ಮಧ್ಯದಲ್ಲಿ ನಿಂತುಹೋಯ್ತಾ ಅನ್ನೋದು ನನಗೆ ಗೊತ್ತಾಗಬೇಕು. ಒಂದೊಂದಕ್ಕೆ ಒಂದೊಂದು ಕಾರಣ ಇರುತ್ತೆ. ಇದನ್ನ ಅಳೆದವರು ಯಾರು?"

"ನಮ್ ಅತ್ತೇನೇ ಮೇಡಂ," ಎಂದಳು ದೀಪಶ್ರೀ, ಸ್ವಲ್ಪ ಬಿಗುಮಾನದಿಂದಲೇ. "ಇಪ್ಪತ್ತಾರು ವರ್ಸದ ಸರ್ವೀಸು. ಅವ್ರ ಅಳ್ತೆ ತಪ್ಪಾಗಕಿಲ್ಲ. ನಿಮ್ ಸ್ಟ್ಯಾಂಡೇ ಒಂದ್ಸಲ ನೋಡಿ."

ಸೊಸೆ ತನ್ನ ಪರವಾಗಿ ಮಾತನಾಡುತ್ತಿರುವಾಗ ಬಾಯಿ ಬಿಡುವುದು ಬಹಳ ಕಷ್ಟವಾಯಿತು ಎಂದು ಶಿವರತ್ನಮ್ಮ ಆಮೇಲೆ ನನಗೆ ಹೇಳಿದರು. ಸುಮ್ಮನಿದ್ದರೆ ಡಾಕ್ಟರು ಹೋದ ತಿಂಗಳ ಅಂಕಿ ಮಾತ್ರ ತಪ್ಪೆಂದುಕೊಂಡು ಉಳಿದವನ್ನು ನಂಬುತ್ತಿದ್ದರೋ ಏನೋ. ಮಗುವಿನ ಇನ್ನಷ್ಟು ತಿಂಗಳು ಹೋಗುತ್ತಿದ್ದವು.

"ಸ್ಟ್ಯಾಂಡು ಸರಿಯಾಗದೆ ಮೇಡಂ. ಕಾರ್ಡಲ್ಲಿರದು ಒಂದೂ ನಿಜ ಅಲ್ಲ. ನಾನು ಇವಳ್ನ ಒಂದ್ ದಿನಾನೂ ಅಳೀನಿಲ್ಲ."

ದೀಪಶ್ರೀ ತಿರುಗಿ ನೋಡಿದಳು. "ಯಾಕತ್ತೆ?"

"ದೃಷ್ಟಿ ಆದಾತು ಅಂತ."

"ಊರಿಗೆಲ್ಲ ಬುದ್ಧಿ ಏಳ್ತಿದ್ರಲ್ಲ ನೀವು."

ಡಾಕ್ಟರು ಬೈಯಲಿಲ್ಲ. ಮನೆಯಲ್ಲಿ ಹಳೆಯ ಫೋಟೊಗಳಿವೆಯೇ, ಎರಡು ವರ್ಷದ ಹಿಂದಿನ ಬಟ್ಟೆ ಈಗಲೂ ಆಗುತ್ತದೆಯೇ ಎಂದು ದೀಪಶ್ರೀಯನ್ನೇ ಕೇಳಿದರು. ಮೂರೂವರೆ ವರ್ಷಕ್ಕೆ ಹೊಲಿಸಿದ ಲಂಗ ಈಗಲೂ ಉದ್ದ ಸರಿಹೋಗುತ್ತದೆ ಎಂದು ಅವಳು ಹೇಳಿದಳು.

ರಕ್ತದ ರಿಪೋರ್ಟು ಎರಡು ದಿನಕ್ಕೆ ಬಂತು. ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿತ್ತು. ಎತ್ತರ ನಿಂತದ್ದಷ್ಟೇ ಅಲ್ಲ, ಆ ಚಳಿ, ನಿದ್ದೆ, ಹಟವಿಲ್ಲದ ಸ್ವಭಾವ ಎಲ್ಲ ಅದರಿಂದಲೇ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಮತ್ತೆ ಬೆಳೆಯುತ್ತಾಳೆ, ಹೋದದ್ದರಲ್ಲಿ ಎಷ್ಟು ವಾಪಸು ಬರುತ್ತದೆಂದು ಹೇಳಲಾಗದು, ಒಂದೂವರೆ ವರ್ಷದ ಹಿಂದೆಯೇ ಬಂದಿದ್ದರೆ ಈ ಮಾತೇ ಇರುತ್ತಿರಲಿಲ್ಲ ಎಂದರು ಡಾಕ್ಟರು.

ದೀಪಶ್ರೀ ಜಗಳವಾಡಲಿಲ್ಲ. ಜೂನ್ ಮೊದಲ ವಾರ ಮಗಳನ್ನು ಕರೆದುಕೊಂಡು ಯಳಂದೂರಿನ ತವರಿಗೆ ಹೋಗಿ, ಅಲ್ಲೇ ಸ್ಕೂಲಿಗೆ ಸೇರಿಸಿದಳು. ಶಿವರತ್ನಮ್ಮ ತಮ್ಮ ತಪ್ಪನ್ನು ತಾವೇ ಬರೆದು ಮೇಲ್ವಿಚಾರಕಿಗೆ ಕೊಟ್ಟರು. ವಿಚಾರಣೆ ನಡೆಯುತ್ತಿದೆ.

ಪ್ರಭುಸ್ವಾಮಿ ಭಾನುವಾರಗಳಂದು ಯಳಂದೂರಿಗೆ ಹೋಗಿ ಬರುತ್ತಾನೆ. ಮೊನ್ನೆ ಬಂದವನು ಅಂಗೈ ತೋರಿಸಿದ.

"ಕಚ್ಬುಟ್ಳು ಕಣವ್ವ. ಚಾಕ್ಲೇಟ್ ಕಿತ್ಕಂಡೆ ಅಂತ. ಈಗ ಬೋ ಜಗಳಗಂಟಿ ಆಗವ್ಳೆ."

ಶಿವರತ್ನಮ್ಮ ಅವನ ಕೈಯನ್ನು ಬೆಳಕಿಗೆ ಹಿಡಿದು, ಸಣ್ಣ ಹಲ್ಲುಗಳ ಗುರುತನ್ನು ಬಹಳ ಹೊತ್ತು ನೋಡಿದರು. ನಾನೂ ಬರಲಾ ಎಂದು ಅವರು ಈವರೆಗೆ ಕೇಳಿಲ್ಲ. ಅವನೂ ಕರೆದಿಲ್ಲ.