ವೈನಿ ಆಡಬೇಕಾಗಿದ್ದ ಆಟ

ಮೊನ್ನೆ ನಮ್ಮ ಸಾಲಿ ಗ್ವಾಡಿಗೆ ಸುಣ್ಣ ಹಚ್ಚಲಿಕ್ಕೆ ಹತ್ತಿದ್ದರು. ಹಸಿ ಸುಣ್ಣದ ವಾಸನಿ ಮೂಗಿಗೆ ಬಡೀತೋ ಇಲ್ಲೋ, ಬಾಜು ಮನಿ ವೈನಿ ನೆನಪಾದರು; ಸಂಬಂಧ ಏನಿಲ್ಲ, ಅತ್ತಿಗಿ ಅನ್ನೋ ಹಂಗ ವೈನಿ ಅಂತಿದ್ದೆ. ಭಾಲ್ಕಿಯೊಳಗಿನ ಸೈನಿಕರ ಸ್ಮಾರಕಕ್ಕ ಅವತ್ತು ಹಿಂಗೇ ಹೊಸಾ ಸುಣ್ಣ ಹಚ್ಚಿದ್ದರು...

ಬೀದರದಾಗ ನಾವಿಬ್ಬರೂ ಒಂದೇ ಅಂಗಳದ ಎರಡು ಬಾಡಿಗಿ ಮನಿಯೊಳಗಿದ್ದಿವಿ. ನಾನು ಸಾಲಿ ಟೀಚರ್, ಅವರು ಕೊಳಾರದ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕ ಹೋಗತಿದ್ದರು. ಗಂಡ ಭಾಲ್ಕಿಯವರು, ಫೌಜಿನಾಗಿದ್ದರು, ಯುದ್ಧದಾಗ ತೀರಿಹೋದರು. ಮಕ್ಕಳಿಲ್ಲ. ಸಂಜಿಗೆ ನನ್ನ ಕಟ್ಟಿ ಮ್ಯಾಲ ಬಂದು ಅರ್ಧ ತಾಸು ಕೂಡತಿದ್ದರು. ಬೀದರದಾಗ ಇಬ್ಬರಿಗೂ ಮತ್ಯಾರೂ ಇರಲಿಲ್ಲ, ಅಷ್ಟ.

ಒಮ್ಮೆ ನಮ್ಮ ಹುಡುಗರ ಮೂಕಾಭಿನಯ ನೋಡಲಿಕ್ಕೆ ಕರಕೊಂಡು ಹೋಗಿದ್ದೆ. ಮರುದಿನ ವೈನಿ ಅಂದರು, "ಟೀಚರ್, ನಂದೂ ಹಂತಾದೊಂದು ಮಾತಿಲ್ಲದ ಆಟ ಅದ ರೀ. ಭಾಲ್ಕಿ ಸ್ಮಾರಕದಾಗ ನಮ್ಮ ಮನಿಯವರ ಹೆಸರು ಬರದಾರಲ್ಲ, ಆ ಕಲ್ಲಿನ ಮುಂದ ಆಡಬೇಕು."

ನಮ್ಮ ಕಡೆ ಮನಿಯವರು ಊರಿಗೆ ಹೋದರ, ಅವರು ಮುಟ್ಟಿದ ಸುದ್ದಿ ಬರೋತನ ಮನಿ ಕಸ ಹೊಡಿಯಂಗಿಲ್ಲ; ಹೊಡದರ ಹೋದವರಿಗೆ ಕೇಡಂತ. ರಜಾ ಮುಗಿಸಿ ಗಂಡ ಹೋದ ಮ್ಯಾಲ ವೈನಿ ಮೂರು ದಿನ ಕಸಬರಿಗಿ ಮುಟ್ಟಿರಲಿಲ್ಲ. ಸುದ್ದಿ ಬರಲಿಲ್ಲ. ನಾಕನೇ ದಿನ ಅತ್ತಿ ಬೈದರಂತ ಕಸ ಹೊಡದೇ ಬಿಟ್ಟರು. ಆಮ್ಯಾಲ ಬಂದದ್ದು ಬ್ಯಾರೆ ಸುದ್ದಿ. ಅದು ನಿಮ್ಮ ತಪ್ಪಲ್ಲ ವೈನಿ ಅಂತ ಎಷ್ಟು ಸಲ ಹೇಳಿದ್ದೆನೋ... ಕಿವಿ ಮ್ಯಾಲ ಹಾಕ್ಕೊಳ್ಳತಿರಲಿಲ್ಲ.

ಆಟ ಇಷ್ಟ: ಕೈಯಾಗ ಕಸಬರಿಗಿ ಹಿಡಕೊಂಡು, ಆ ಕಲ್ಲಿನ ಮುಂದ ಒಂದು ತಾಸು, ಕಸ ಹೊಡೀಲಾರದ ನಿಲ್ಲೋದು. "ಈ ಸಲ ಹೊಡಿಯಂಗಿಲ್ಲ ರೀ. ಅವರಿಗೆ ಕಾಣಲಿ" ಅಂದರು. ನೋಡೋ ಮಂದಿಗೆ ಇದೇನಂತ ತಿಳಿಸಿ ಹೇಳೋ ಕೆಲಸ ನಂದು. ಹೂಂ ಅಂದಿದ್ದೆ.

ಹುತಾತ್ಮರ ಕಾರ್ಯಕ್ರಮದ ದಿನ ಭಾಲ್ಕಿಗೆ ಹೋದಿವಿ. ನಮ್ಮ ಸಾಲಿ ಹುಡುಗರ ಹಾಡೂ ಇತ್ತು, ಹೆಡ್ ಮಾಸ್ತರರೂ ಬಂದಿದ್ದರು. ವೈನಿ ಆಟಕ್ಕ ನಾ ಯಾರ ಪರವಾನಗಿನೂ ಕೇಳಿರಲಿಲ್ಲ, ಅಂಜಿಕಿ. ಅಲ್ಲೇ ಕೇಳಿದರಾಯ್ತು ಅಂತ ತಳ್ಳಿಕೊಂಡು ಬಂದಿದ್ದೆ. ಕಲ್ಲಿನ ಮುಂದ ಬೇವಿನ ಎಲಿ ಉದುರಿದ್ದವು. ಅದರ ನಡುವ ವೈನಿ ಕಸಬರಿಗಿ ಹಿಡಕೊಂಡು ನಿಂತರು. ಹತ್ತು ನಿಮಿಷ ಆಗಿರಬೇಕು, ಪೆಂಡಾಲಿನವನೊಬ್ಬ ಓಡಿಬಂದ.

"ಏ ಬಾಯಿ, ನಿಂತು ಏನ್ ನೋಡ್ತಿ? ಸಾಹೇಬ್ರು ಬಂದ್ರು, ಜಲ್ದಿ ಕಸ ಹೊಡಿ!"

ವೈನಿ ನನ್ನ ಕಡೆ ನೋಡಿದರು. ಹೆಡ್ ಮಾಸ್ತರರು ನನ್ನ ಬಾಜೂಕೇ ಇದ್ದರು. ನಾನು... ಹುಡುಗರ ಸಾಲು ನೆಟ್ಟಗ ಮಾಡಲಿಕ್ಕೆ ಹತ್ತಿದೆ. ವೈನಿ ಬಗ್ಗಿ ಕಸ ಹೊಡದರು. ಒಂದು ಎಲಿನೂ ಬಿಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಾಗ, ಕಿಟಕಿ ಕಡೆ ಮಾರಿ ಮಾಡಿ, "ಎರಡನೇ ಸಲ ಹೊಡದೆ ರೀ, ಟೀಚರ್" ಅಂದರು. ನನಗ ಬೈದಿದ್ದರ ಚಲೋ ಇತ್ತು.

ಅದೇ ವರ್ಷ ಔರಾದದ ತವರುಮನಿಗೆ ಹೋದರು. ಹೋಗಿ ಕೈ ಹಿಡದು ತಪ್ಪಾಯ್ತು ಅನ್ನಬೇಕು ಅಂತ ದಿನಾ ಅನಕೊಂಡೆ, ಹೋಗಲಿಲ್ಲ. ಅಲ್ಲೇ ತೀರಿಕೊಂಡರಂತ ಯಾರೋ ಹೇಳಿದರು. ಆ ಕಟ್ಟಿ ಮ್ಯಾಲ ಈಗ ಒಬ್ಬಾಕೇ ಕೂಡ್ತೇನಿ.

ಈ ಐತವಾರ ಒಬ್ಬಾಕೇ ಭಾಲ್ಕಿಗೆ ಹೋದೆ. ಸ್ಮಾರಕದ ಕಡೆ ನರಪಿಳ್ಳಿ ಇರಲಿಲ್ಲ. ಕಲ್ಲಿನ ಮುಂದ ನಿಂತು, ಅವತ್ತು ಹೇಳಬೇಕಾಗಿದ್ದದ್ದನ್ನ ಗಟ್ಟಿಯಾಗಿ ಹೇಳಿದೆ. "ಇವರು ಕಸ ಹೊಡಿಯೋರಲ್ಲ ರೀ. ಈ ಹೆಸರಿನವರ ಹೆಂಡತಿ. ಗಂಡ ಮುಟ್ಟಿದ ಸುದ್ದಿ ಬರಲಿ ಅಂತ ನಿಂತಾರ."

ಅರ್ಧ ನಿಮಿಷನೂ ಹಿಡೀಲಿಲ್ಲ.